ಲ್ಯಾಪ್‌ಟಾಪ್ ಹಳೆಯದಾದರೂ ನಡೆದೀತು, ಕೇಬಲ್ ಒಳ್ಳೆಯದಿರಲಿ

ಪ್ರಶ್ನೆ: ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ, ಚಿಕ್ಕಪ್ಪನವರ ಮೋಟಾರು ರಿವೈಂಡಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಮನೆಯಲ್ಲಿ 1994ರ ಕಾರ್ಬ್ಯುರೇಟರ್ ಮಾರುತಿ 800 ಇದೆ. ಅದಕ್ಕೆ ಆರ್ಡುಯಿನೋ ಮೆಗಾ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ ಮೇಲೆ ನಡೆಯುವ ಸ್ಪೀಡುಯಿನೋ ಎಂಬ ಎಂಜಿನ್ ಕಂಟ್ರೋಲರ್ ಕೂರಿಸಿ, ಇಂಜೆಕ್ಟರ್ ಮೂಲಕ ಪೆಟ್ರೋಲ್ ಕೊಡುವ ಪ್ರಯೋಗ ಮಾಡಬೇಕೆಂದಿದ್ದೇನೆ. ಪ್ರೋಗ್ರಾಂ ಹಾಕುವುದಕ್ಕೂ ಗಾಡಿ ಓಡಿಸುತ್ತ ಟ್ಯೂನ್ ಮಾಡುವುದಕ್ಕೂ ಒಂದು ಲ್ಯಾಪ್‌ಟಾಪ್ ಬೇಕು. ಕೈಯಲ್ಲಿರುವುದು 18,000 ರೂಪಾಯಿ. ಅಂಗಡಿಯವರು ಕನಿಷ್ಠ 16 ಜಿಬಿ ರ‍್ಯಾಮ್ ಇರುವ ಹೊಸದನ್ನೇ ಕೊಳ್ಳಿ, ಉಳಿದ ಹಣಕ್ಕೆ ಕಂತು ಮಾಡಿಕೊಡುತ್ತೇವೆ ಎನ್ನುತ್ತಾರೆ. ಹಳೆಯದು ಸಾಲುವುದಿಲ್ಲವೇ? ಕೊಳ್ಳುವಾಗ ಏನನ್ನು ನೋಡಬೇಕು?
— ಓದುಗರೊಬ್ಬರು, ಬೆಟಗೇರಿ

ಉತ್ತರ: ಕಂತಿನ ಕಾಗದಕ್ಕೆ ಸಹಿ ಹಾಕುವ ಮೊದಲು ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ನೀವು ಕೂರಿಸಲಿರುವ ಮೆಗಾ ಬೋರ್ಡಿನ ಪ್ರೊಸೆಸರ್ ಓಡುವುದು 16 ಮೆಗಾಹರ್ಟ್ಸ್ ವೇಗದಲ್ಲಿ. ಅದರಲ್ಲಿ ಪ್ರೋಗ್ರಾಂಗೆ 256 ಕೆಬಿ ಜಾಗವಿದೆ, ಕೆಲಸ ಮಾಡಲು ಇರುವ ಮೆಮೊರಿ ಕೇವಲ 8 ಕೆಬಿ. ಪೆಟ್ರೋಲಿನ ಪ್ರಮಾಣವನ್ನು ನಿರ್ಧರಿಸುವ ಕೋಷ್ಟಕ ಅಡ್ಡಕ್ಕೆ 16, ಉದ್ದಕ್ಕೆ 16, ಒಟ್ಟು 256 ಮನೆಗಳದ್ದು. ಬೋರ್ಡು ಲ್ಯಾಪ್‌ಟಾಪಿನೊಂದಿಗೆ ಮಾತನಾಡುವ ವೇಗ ಸೆಕೆಂಡಿಗೆ 1,15,200 ಬಿಟ್. ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 11,520 ಬೈಟ್ ಮಾಹಿತಿ ಬಂದೀತು. ಇಷ್ಟನ್ನು ಓದಿ, ಪರದೆಯ ಮೇಲೆ ಮುಳ್ಳುಗಳನ್ನಾಡಿಸಿ, ಫೈಲಿಗೆ ಬರೆದಿಡುವ ಕೆಲಸವನ್ನು ಹತ್ತು ಹನ್ನೆರಡು ವರ್ಷದ ಹಿಂದಿನ ಲ್ಯಾಪ್‌ಟಾಪ್ ಕೂಡ ನಿರಾಯಾಸವಾಗಿ ಮಾಡುತ್ತದೆ. ಆದ್ದರಿಂದ ಹೊಸದನ್ನೇ ಕೊಳ್ಳಬೇಕೆಂಬ ಮಾತಿಗೆ ನಿಮ್ಮ ಕೆಲಸದಲ್ಲಿ ಆಧಾರವಿಲ್ಲ. 18,000 ರೂಪಾಯಿಯನ್ನೂ ಲ್ಯಾಪ್‌ಟಾಪಿಗೇ ಸುರಿಯುವುದೂ ಬೇಡ. ನಾಲ್ಕೈದು ಸಾವಿರವನ್ನು ಎತ್ತಿಟ್ಟುಕೊಳ್ಳಿ ಎಂದು ನನ್ನ ಸಲಹೆ. ಏಕೆಂದರೆ ಈ ಹವ್ಯಾಸದಲ್ಲಿ ಕೈಕೊಡುವುದು ಸಾಮಾನ್ಯವಾಗಿ ಪ್ರೊಸೆಸರ್ ಅಲ್ಲ. ಕೇಬಲ್, ಬ್ಯಾಟರಿ ಮತ್ತು ಪರದೆ.

ದೊಡ್ಡ ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಮಾರಿದ, ಕಚೇರಿ ಬಳಕೆಗೆಂದೇ ತಯಾರಾದ ಲ್ಯಾಪ್‌ಟಾಪ್‌ಗಳನ್ನು ಹುಡುಕಿ. ಥಿಂಕ್‌ಪ್ಯಾಡ್ ಟಿ ಸರಣಿ, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೈಟ್‌ಬುಕ್ ಈ ಜಾತಿಯವು. ಮನೆ ಬಳಕೆಯ ಅಗ್ಗದ ಹೊಸ ಲ್ಯಾಪ್‌ಟಾಪಿಗಿಂತ ಇವುಗಳ ಕೀಲು, ಕೀಬೋರ್ಡ್, ಯುಎಸ್‌ಬಿ ಕಿಂಡಿಗಳು ಗಟ್ಟಿ. ಕೆಳಗಿನ ಮುಚ್ಚಳ ಬಿಚ್ಚಿ ರ‍್ಯಾಮ್, ಡಿಸ್ಕ್‌ಗಳನ್ನು ನೀವೇ ಬದಲಿಸಬಹುದಾದ ಮಾದರಿಗಳೂ ಸಾಕಷ್ಟಿವೆ. ಎಂಟು ಜಿಬಿ ರ‍್ಯಾಮ್ ಧಾರಾಳವಾಯಿತು, ನಾಲ್ಕಿದ್ದರೂ ನಡೆಯುತ್ತದೆ. ಆದರೆ ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್ ಇರುವುದನ್ನು ಹಾಗೆಯೇ ಬಳಸಬೇಡಿ. ಗಾಡಿಯ ಕುಲುಕಾಟಕ್ಕೆ ಅದು ತಾಳುವುದಿಲ್ಲ. 240 ಅಥವಾ 256 ಜಿಬಿಯ ಒಂದು ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ಡಿಸ್ಕ್) ಹಾಕಿಸಿಕೊಂಡರೆ ನಿಮ್ಮ ಎಲ್ಲ ದಾಖಲೆಗಳಿಗೂ ಬೇಕಾದಷ್ಟು ಜಾಗವಾಗುತ್ತದೆ.

ಇಲ್ಲಿ ವಿಂಡೋಸ್‌ನ ಪ್ರಶ್ನೆ ಬರುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಬೇಕೆಂದರೆ, ಕೆಲವೇ ಅಪವಾದಗಳನ್ನು ಬಿಟ್ಟು, ಇಂಟೆಲ್‌ನ ಎಂಟನೇ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು. ಈ ಕಾರಣಕ್ಕೇ ಏಳನೇ ತಲೆಮಾರಿನವರೆಗಿನ ಒಳ್ಳೊಳ್ಳೆಯ ಲ್ಯಾಪ್‌ಟಾಪ್‌ಗಳು ಕಚೇರಿಗಳಿಂದ ಹೊರಬಿದ್ದಿವೆ, ಮತ್ತು ನಿಮ್ಮಂಥವರಿಗೆ ಅದು ಅನುಕೂಲವೇ ಆಗಿದೆ. ಟ್ಯೂನಿಂಗಿಗೆ ಬಳಸುವ ಟ್ಯೂನರ್‌ಸ್ಟುಡಿಯೋ ತಂತ್ರಾಂಶ ಜಾವಾದಲ್ಲಿ ಬರೆದದ್ದು. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲಿಯೂ ಓಡುತ್ತದೆ. ಬೋರ್ಡಿಗೆ ಪ್ರೋಗ್ರಾಂ ಬರೆದು ಹಾಕುವ ಆರ್ಡುಯಿನೋ ಐಡಿಇ ಕೂಡ ಹಾಗೆಯೇ. ಗಾಡಿಯ ಕೆಲಸಕ್ಕೆಂದೇ ಮೀಸಲಿಟ್ಟು, ಇಂಟರ್ನೆಟ್ಟಿನಿಂದ ದೂರವಿಟ್ಟ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 10 ಇದ್ದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಆದರೆ ಅದೇ ಲ್ಯಾಪ್‌ಟಾಪಿನಲ್ಲಿ ಬ್ಯಾಂಕಿನ ವ್ಯವಹಾರವನ್ನೂ ಮಾಡುವುದಾದರೆ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿಕೊಳ್ಳಿ.

ಲಿನಕ್ಸ್ ಆರಿಸಿಕೊಂಡವರು ಮೊದಲ ದಿನವೇ ಎಡವುವ ಎರಡು ಜಾಗಗಳಿವೆ. ಒಂದು, ನಿಮ್ಮ ಬಳಕೆದಾರ ಖಾತೆ ‘ಡಯಲ್‌ಔಟ್’ ಎಂಬ ಗುಂಪಿಗೆ ಸೇರಿರದಿದ್ದರೆ ಬೋರ್ಡಿನೊಂದಿಗೆ ಮಾತನಾಡುವ ದಾರಿಯಾದ ಸೀರಿಯಲ್ ಪೋರ್ಟ್ ತೆರೆಯುವುದಿಲ್ಲ. ಇನ್ನೊಂದು ತುಸು ವಿಚಿತ್ರವಾದದ್ದು. ಉಬುಂಟು 22.04ರಲ್ಲಿ ಅಂಧರ ಬ್ರೈಲ್ ಫಲಕಕ್ಕೆಂದು ಇರುವ ‘ಬಿಆರ್‌ಎಲ್‌ಟಿಟಿವೈ’ ಎಂಬ ಸೇವೆಯು ಅಗ್ಗದ ಆರ್ಡುಯಿನೋ ಬೋರ್ಡುಗಳಲ್ಲಿರುವ ಸಿಎಚ್340 ಎಂಬ ಯುಎಸ್‌ಬಿ ಚಿಪ್ಪನ್ನೇ ಬ್ರೈಲ್ ಉಪಕರಣವೆಂದು ಭಾವಿಸಿ ಪೋರ್ಟನ್ನು ಹಿಡಿದುಕೊಳ್ಳುತ್ತದೆ. ಬೋರ್ಡು ಸುಟ್ಟಿತೆಂದು ತಿಳಿದು ಹೊಸದನ್ನು ತರಿಸುವ ಮೊದಲು ಇದನ್ನು ನೋಡಿಕೊಳ್ಳಿ. ಬ್ರೈಲ್ ಫಲಕ ಬಳಸುವವರು ಮನೆಯಲ್ಲಿ ಇಲ್ಲವಾದರೆ ಆ ಸೇವೆಯನ್ನು ತೆಗೆದುಹಾಕಿದರಾಯಿತು.

ಇನ್ನು ಕೇಬಲ್. ನನ್ನದೇ ಒಂದು ಅನುಭವವನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ, ಒಂಬತ್ತು ಪಿನ್ನಿನ ಸೀರಿಯಲ್ ಕಿಂಡಿಯಿರುವ ಹಳೆಯ ಕಂಟ್ರೋಲರ್ ಒಂದಕ್ಕಾಗಿ ಹುಬ್ಬಳ್ಳಿಯ ಪೇಟೆಯಲ್ಲಿ ಹೆಸರಿಲ್ಲದ ಯುಎಸ್‌ಬಿ ಕೇಬಲ್ ಒಂದನ್ನು ಕೊಂಡೆ. ಮನೆಯಲ್ಲಿ ಸರಿಯಾಗಿ ನಡೆದದ್ದು, ಎಂಜಿನ್ ಚಾಲೂ ಆದೊಡನೆ ಸಂಪರ್ಕ ಕಡಿದುಕೊಳ್ಳುತ್ತಿತ್ತು. ಎರಡು ಭಾನುವಾರಗಳನ್ನು ಸಾಫ್ಟ್‌ವೇರ್ ಬೈಯುವುದರಲ್ಲಿ ಕಳೆದ ಮೇಲೆ ಬೇರೆ ಕೇಬಲ್ ಹಾಕಿ ನೋಡಿದೆ. ತೊಂದರೆ ಅಲ್ಲಿಗೇ ನಿಂತಿತು. ಸ್ಪಾರ್ಕ್ ಪ್ಲಗ್ಗಿನ ತಂತಿಗಳು ಹೊರಸೂಸುವ ವಿದ್ಯುತ್ ಗದ್ದಲ, ಸರಿಯಾದ ಹೊದಿಕೆಯಿಲ್ಲದ ಯುಎಸ್‌ಬಿ ಕೇಬಲ್ಲಿಗೆ ಹೊಕ್ಕರೆ ಕಂಪ್ಯೂಟರ್ ಆ ಕಿಂಡಿಯನ್ನೇ ಬಿಟ್ಟುಬಿಡುತ್ತದೆ. ಕೇಬಲ್ ಎರಡು ಮೀಟರ್ ಮೀರದಿರಲಿ, ಎರಡೂ ತುದಿಗೆ ಗದ್ದಲ ತಡೆಯುವ ಫೆರೈಟ್ ಗುಂಡು ಇರಲಿ, ಡಿಸ್ಟ್ರಿಬ್ಯೂಟರ್ ಮತ್ತು ಪ್ಲಗ್ ತಂತಿಗಳಿಂದ ದೂರ ಹಾಯಲಿ. ಪ್ಲಗ್ ತಂತಿಗಳು ಒಳಗೆ ಪ್ರತಿರೋಧವಿರುವ ಬಗೆಯವೇ ಎಂಬುದನ್ನೂ ಪರೀಕ್ಷಿಸಿಕೊಳ್ಳಿ.

ಸ್ಪೀಡುಯಿನೋಗೆ ಒಂಬತ್ತು ಪಿನ್ನಿನ ಕಿಂಡಿ ಬೇಕಿಲ್ಲ, ಮೆಗಾ ಬೋರ್ಡಿನ ಯುಎಸ್‌ಬಿ ಸಾಕು. ಆದರೂ ಮುಂದೆಂದಾದರೂ ಮೆಗಾಸ್ಕ್ವರ್ಟ್‌ನಂಥ ಆರ್‌ಎಸ್-232 (ಹಳೆಯ ಒಂಬತ್ತು ಪಿನ್ನಿನ ಸೀರಿಯಲ್) ಕಿಂಡಿಯ ಕಂಟ್ರೋಲರ್ ಕೈಗೆ ಬಂದರೆ, ಎಫ್‌ಟಿಡಿಐ ಚಿಪ್ಪಿನ ಅಸಲಿ ಕೇಬಲ್ ಕೊಳ್ಳಿ; ಆರ್‌ಎಸ್-232ರ ತಂತಿಯನ್ನು ಆರ್ಡುಯಿನೋದ ಪಿನ್ನುಗಳಿಗೆ ನೇರವಾಗಿ ಸೇರಿಸಬೇಡಿ. ಆರ್‌ಎಸ್-232ರಲ್ಲಿ ಋಣ ಮತ್ತು ಧನ ಎರಡೂ ಕಡೆಗೆ ಹಲವು ವೋಲ್ಟ್ ಹೊಯ್ದಾಡುತ್ತದೆ, ಆರ್ಡುಯಿನೋದ ಪಿನ್ನು 5 ವೋಲ್ಟಿನದ್ದು. ನಡುವೆ ವೋಲ್ಟೇಜ್ ಹೊಂದಿಸುವ ಮ್ಯಾಕ್ಸ್232ರಂಥ ಚಿಪ್ ಇರಲೇಬೇಕು.

ಎತ್ತಿಟ್ಟ ಹಣದಲ್ಲಿ ನಾನು ಮೊದಲು ಕೊಳ್ಳುವುದು ಯುಎಸ್‌ಬಿ ಐಸೊಲೇಟರ್. ಎಡಿಯುಎಂ3160 ಚಿಪ್ಪಿನ ಸಣ್ಣ ಡಬ್ಬಿ ಅದು. ಲ್ಯಾಪ್‌ಟಾಪಿಗೂ ಗಾಡಿಗೂ ನಡುವೆ ವಿದ್ಯುತ್ ಸಂಪರ್ಕವನ್ನು ಕಡಿದು, ಮಾಹಿತಿಯನ್ನು ಮಾತ್ರ ದಾಟಿಸುತ್ತದೆ. ನೀವು ಮೋಟಾರು ಬಿಚ್ಚಿ ಕಟ್ಟುವವರಾದ್ದರಿಂದ ಇದರ ಅಗತ್ಯವನ್ನು ಹೆಚ್ಚು ವಿವರಿಸಬೇಕಿಲ್ಲ. ಲ್ಯಾಪ್‌ಟಾಪ್ ಮೂರು ಪಿನ್ನಿನ ಚಾರ್ಜರ್ ಮೂಲಕ ಮನೆಯ ಅರ್ಥಿಂಗಿಗೆ ಸೇರಿದ್ದು, ಗಾಡಿಯ ಬ್ಯಾಟರಿಗೂ ಒಂದು ಚಾರ್ಜರ್ ಹಚ್ಚಿದ್ದರೆ, ಎರಡರ ನಡುವಿನ ಸಣ್ಣ ವ್ಯತ್ಯಾಸದ ವಿದ್ಯುತ್ತು ನಿಮ್ಮ ಯುಎಸ್‌ಬಿ ಕೇಬಲ್ಲಿನ ನೆಲತಂತಿಯಲ್ಲಿಯೇ ಹರಿಯತೊಡಗುತ್ತದೆ. ಸ್ಟಾರ್ಟರ್ ತಿರುಗಿದ ಗಳಿಗೆಯಲ್ಲಿ ಇದು ಇನ್ನೂ ಕೆಟ್ಟದು. ಐಸೊಲೇಟರ್ ಬರುವ ತನಕ ಒಂದು ಕಟ್ಟುನಿಟ್ಟು ಪಾಲಿಸಿ: ಗಾಡಿಗೆ ಕೇಬಲ್ ಹಚ್ಚಿದಾಗ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದಿರಲಿ.

ಹಾಗೆಂದ ಮೇಲೆ ಬ್ಯಾಟರಿ ಎರಡು ಗಂಟೆಯಾದರೂ ನಿಲ್ಲಬೇಕು. ಹಳೆಯ ಲ್ಯಾಪ್‌ಟಾಪ್ ಮಾರುವವರು ‘ಬ್ಯಾಕಪ್ ಚೆನ್ನಾಗಿದೆ’ ಎಂದು ಹೇಳಿಯೇ ಹೇಳುತ್ತಾರೆ. ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆಸಿ, ತಯಾರಾದಾಗ ಇದ್ದ ಸಾಮರ್ಥ್ಯ ಎಷ್ಟು, ಈಗ ಪೂರ್ತಿ ತುಂಬಿದಾಗ ಎಷ್ಟು ಎಂಬ ಎರಡು ಅಂಕಿಗಳನ್ನು ನೋಡಿ. ಅರ್ಧಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಚೌಕಾಸಿಯಲ್ಲಿ ಇಳಿಸಿಕೊಳ್ಳಿ. 2018ರ ಥಿಂಕ್‌ಪ್ಯಾಡ್ ಟಿ480 ನಿಮ್ಮ ಹಣಕ್ಕೆ ಒದಗಿದರೆ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು: ಎಂಟನೇ ತಲೆಮಾರಿನ ಪ್ರೊಸೆಸರ್ ಅದರಲ್ಲಿ ಸಾಮಾನ್ಯ, ಜೊತೆಗೆ ಒಳಗೊಂದು, ಹೊರಗೆ ಕಳಚಬಹುದಾದದ್ದೊಂದು ಹೀಗೆ ಎರಡು ಬ್ಯಾಟರಿಗಳಿರುತ್ತವೆ.

ಪರದೆಯನ್ನು ಅಂಗಡಿಯ ಟ್ಯೂಬ್‌ಲೈಟಿನ ಕೆಳಗಲ್ಲ, ಹೊರಗೆ ಬಿಸಿಲಿಗೆ ತಂದು ನೋಡಿ. ಸಾಧಾರಣ ಲ್ಯಾಪ್‌ಟಾಪಿನ ಪರದೆ 220ರಿಂದ 250 ನಿಟ್ (ಪರದೆಯ ಬೆಳಕಿನ ಅಳತೆ) ಬೆಳಗುತ್ತದೆ, ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಅದು ಏನೇನೂ ಸಾಲದು. ಮಿರುಗುವ ಪರದೆಗಿಂತ ಮಂಕು ಲೇಪನದ್ದು ಮೇಲು. ಟ್ಯೂನರ್‌ಸ್ಟುಡಿಯೋದಲ್ಲಿ ಮುಳ್ಳುಗಳ ಹಿನ್ನೆಲೆಯನ್ನು ಬಿಳಿ ಮಾಡಿ, ಅಕ್ಷರ ದೊಡ್ಡದು ಮಾಡಿಕೊಂಡರೆ ಅರ್ಧ ತೊಂದರೆ ನೀಗುತ್ತದೆ. ಇನ್ನರ್ಧಕ್ಕೆ ಹುಣಸೆ ಮರದ ನೆರಳೇ ಗತಿ. ಕೆಲಸ ಮುಗಿದ ಮೇಲೆ ಲ್ಯಾಪ್‌ಟಾಪನ್ನು ಮುಚ್ಚಿದ ಕಾರಿನಲ್ಲಿ ಬಿಡಬೇಡಿ. ಲಿಥಿಯಂ ಬ್ಯಾಟರಿಗೆ ಆ ಕಾವು ವಿಷ.

ಹಣ ಕೊಡುವ ಮೊದಲು ಬಯೋಸ್‌ಗೆ (ಲ್ಯಾಪ್‌ಟಾಪ್ ಚಾಲೂ ಆಗುವಾಗ ತೆರೆಯುವ ಮೂಲ ಸೆಟ್ಟಿಂಗ್) ಹೋಗಿ ಪಾಸ್‌ವರ್ಡ್ ಕೇಳುತ್ತದೆಯೇ ನೋಡಿ. ಹಿಂದಿನ ಕಂಪನಿ ಹಾಕಿದ ಬೀಗ ಉಳಿದಿದ್ದರೆ ಅದನ್ನು ತೆಗೆಯುವುದು ಸುಲಭವಲ್ಲ. ನಿಮ್ಮ ಮೆಗಾ ಬೋರ್ಡನ್ನೂ ಕೇಬಲ್ಲನ್ನೂ ಚೀಲದಲ್ಲಿ ಹಾಕಿಕೊಂಡೇ ಅಂಗಡಿಗೆ ಹೋಗಿ, ಪ್ರತಿಯೊಂದು ಯುಎಸ್‌ಬಿ ಕಿಂಡಿಗೂ ಹಚ್ಚಿ, ಎಲ್‌ಇಡಿ ಮಿನುಗಿಸುವ ಪ್ರೋಗ್ರಾಂ ಹಾಕಿಸಿ ನೋಡಿ. ಅದಕ್ಕೆ ಒಪ್ಪದ ಅಂಗಡಿಯಿಂದ ನಾನಾದರೆ ಕೊಳ್ಳಲಾರೆ.

ನೀವು ಕೇಳದ ಒಂದು ಮಾತನ್ನೂ ಹೇಳಿಬಿಡುತ್ತೇನೆ. ಕಂಪ್ಯೂಟರ್ ಸೀರಿಯಲ್ ಪೋರ್ಟ್ ತೆರೆದ ಗಳಿಗೆಯಲ್ಲಿ ಆರ್ಡುಯಿನೋ ಮೆಗಾ ತನ್ನಷ್ಟಕ್ಕೆ ರಿಸೆಟ್ ಆಗುತ್ತದೆ. ಪ್ರೋಗ್ರಾಂ ಹಾಕುವಾಗ ಅದು ವರ, ಓಡುವ ಎಂಜಿನ್ನಿಗೆ ಶಾಪ: ಇಂಜೆಕ್ಟರ್ ನಿಂತು ಗಾಡಿ ಮುಗ್ಗರಿಸುತ್ತದೆ. ರಿಸೆಟ್ ಪಿನ್ನಿಗೂ ಗ್ರೌಂಡಿಗೂ ನಡುವೆ 10 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಇಟ್ಟರೆ ಇದು ತಪ್ಪುತ್ತದೆ, ಹೊಸ ಪ್ರೋಗ್ರಾಂ ಹಾಕುವಾಗ ಮಾತ್ರ ಅದನ್ನು ಕಳಚಬೇಕು. ಅಣ್ಣಿಗೇರಿ ರಸ್ತೆಯಲ್ಲಿ ಟ್ಯೂನ್ ಮಾಡಲು ಹೊರಟಾಗ ಓಡಿಸುವವರೊಬ್ಬರು, ಪರದೆ ನೋಡುವವರು ಇನ್ನೊಬ್ಬರು ಇರಲೇಬೇಕು. ಹಾಗೆಯೇ ಮೋಟಾರು ವಾಹನ ಕಾಯ್ದೆ 1988ರ ಕಲಂ 52 ವಾಹನದ ಮಾರ್ಪಾಡಿಗೆ ಸಂಬಂಧಿಸಿದ್ದು. ಇಂಜೆಕ್ಟರ್ ಕೂರಿಸಿದ ಗಾಡಿಯನ್ನು ಸಾರ್ವಜನಿಕ ರಸ್ತೆಗೆ ತರುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಪ್ರಶ್ನೆ: ನನ್ನ 2016ರ ಪೆಟ್ರೋಲ್ ಕಾರಿನಲ್ಲಿ ಚೆಕ್ ಎಂಜಿನ್ ದೀಪ ಆಗಾಗ ಹತ್ತುತ್ತದೆ. ದೋಷದ ಕೋಡ್ ಓದಲು ನಾನೂ ಲ್ಯಾಪ್‌ಟಾಪ್ ಕೊಳ್ಳಬೇಕೇ?
— ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ಬೇಡ. ಸ್ಟಿಯರಿಂಗ್ ಕೆಳಗಿರುವ 16 ಪಿನ್ನಿನ ಸಾಕೆಟ್ಟಿಗೆ ಇಎಲ್‌ಎಂ327 ಬಗೆಯ ಅಡಾಪ್ಟರ್ ಹಚ್ಚಿದರೆ ನಿಮ್ಮ ಫೋನೇ ಸಾಕು. ಆಂಡ್ರಾಯ್ಡ್ ಫೋನಿಗೆ ಸಾದಾ ಬ್ಲೂಟೂತ್ ಅಡಾಪ್ಟರ್ ನಡೆಯುತ್ತದೆ, ಐಫೋನ್ ಇದ್ದರೆ ವೈಫೈ ಅಥವಾ ಬ್ಲೂಟೂತ್ ಎಲ್‌ಇ ಇರುವುದೇ ಬೇಕು. ಕೋಡ್ ಕಂಡೊಡನೆ ಅಳಿಸಬೇಡಿ, ಮೊದಲು ಬರೆದಿಟ್ಟುಕೊಳ್ಳಿ. ದೋಷ ಕಂಡ ಕ್ಷಣದ ವೇಗ, ತಾಪಮಾನಗಳ ದಾಖಲೆಯೂ ಅದರೊಂದಿಗೆ ಅಳಿದುಹೋಗುತ್ತದೆ. ಆ ಸಾಕೆಟ್ಟಿನ 16ನೇ ಪಿನ್ನಿಗೆ ಕೀಲಿ ತೆಗೆದ ಮೇಲೂ ಬ್ಯಾಟರಿಯ ವಿದ್ಯುತ್ತು ಬರುತ್ತಿರುವುದರಿಂದ, ವಾರಗಟ್ಟಲೆ ಗಾಡಿ ನಿಲ್ಲಿಸುವಾಗ ಅಡಾಪ್ಟರ್ ಕಳಚಿಡಿ.

ಪ್ರಶ್ನೆ: ಅಕ್ಕ ಕೊಟ್ಟ 2010ರ ಹತ್ತು ಇಂಚಿನ ನೆಟ್‌ಬುಕ್ ನನ್ನ ಬಳಿ ಇದೆ. ಕಾರಿನ ಕಂಟ್ರೋಲರ್‌ಗಳು ಪರಸ್ಪರ ಮಾತನಾಡುವ ಕ್ಯಾನ್ ಬಸ್ ಜಾಲವನ್ನು ಕಲಿಯಲು ಆರ್ಡುಯಿನೋ ಊನೋ ಬೋರ್ಡು ಮತ್ತು ಅದಕ್ಕೆ ಕ್ಯಾನ್ ಸಂಪರ್ಕ ಕೊಡುವ ಎಂಸಿಪಿ2515 ಮಾಡ್ಯೂಲ್ ಕೊಂಡಿದ್ದೇನೆ. ನೆಟ್‌ಬುಕ್ ಸಾಕೇ? ಮಾಡ್ಯೂಲಿನಿಂದ ಏನೂ ಬರುತ್ತಿಲ್ಲ, ಅದು ನೆಟ್‌ಬುಕ್ಕಿನ ತಪ್ಪೇ?
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ಕಲಿಕೆಗೆ ಸಾಕು, ಸ್ವಲ್ಪ ತಾಳ್ಮೆ ಬೇಕು. ಆರ್ಡುಯಿನೋ ಐಡಿಇ 2ಕ್ಕೆ 64 ಬಿಟ್‌ನ ವ್ಯವಸ್ಥೆ ಅಗತ್ಯ. ನಿಮ್ಮದು 32 ಬಿಟ್ ಆಗಿದ್ದರೆ ಹಳೆಯ 1.8.19 ಆವೃತ್ತಿಯನ್ನು ಹಾಕಿಕೊಳ್ಳಿ. ಆ ಕಾಲದ ಹೆಚ್ಚಿನ ನೆಟ್‌ಬುಕ್‌ಗಳ ಪರದೆ 600 ಗೆರೆಗಳಷ್ಟೇ ಎತ್ತರವಿರುವುದರಿಂದ ದೊಡ್ಡ ಕಿಟಕಿಗಳ ಕೆಳಗಿನ ಬಟನ್‌ಗಳು ಕಾಣದೆ ಹೋಗುತ್ತವೆ, ಟ್ಯೂನಿಂಗ್ ತಂತ್ರಾಂಶಗಳಿಗೆ ಅದು ಒಗ್ಗುವುದಿಲ್ಲ.

ಮಾಡ್ಯೂಲ್ ಮೌನವಾಗಿರುವುದು ನೆಟ್‌ಬುಕ್ಕಿನ ತಪ್ಪು ಆಗಿರಲಾರದು. ಅದರ ಮೇಲಿರುವ ಬೆಳ್ಳಿ ಬಣ್ಣದ ಕ್ರಿಸ್ಟಲ್ ಮೇಲೆ ಏನು ಬರೆದಿದೆ ಓದಿ. ಅಗ್ಗದ ಮಾಡ್ಯೂಲ್‌ಗಳಲ್ಲಿ 8 ಮೆಗಾಹರ್ಟ್ಸ್‌ನದು ಇರುತ್ತದೆ, ಹಲವು ಸಿದ್ಧ ಪ್ರೋಗ್ರಾಂ ಲೈಬ್ರರಿಗಳು 16 ಎಂದು ಭಾವಿಸಿಕೊಂಡು ವೇಗವನ್ನು ಲೆಕ್ಕ ಹಾಕುತ್ತವೆ. ಆಗ ನೀವು 500 ಕಿಲೋಬಿಟ್ ಎಂದು ಕೊಟ್ಟರೆ ಅದು 250ರಲ್ಲಿ ಕೇಳುತ್ತ ಕೂರುತ್ತದೆ. ಪ್ರೋಗ್ರಾಂನಲ್ಲಿ ಕ್ರಿಸ್ಟಲ್‌ನ ಅಂಕಿಯನ್ನು ತಿದ್ದಿ. ಇದಾದ ಮೇಲೆ ಮಾಡ್ಯೂಲಿನಲ್ಲಿ 120 ಓಮ್ ಪ್ರತಿರೋಧವನ್ನು ಸೇರಿಸುವ ಜಂಪರ್ ನೋಡಿ. ಮೇಜಿನ ಮೇಲೆ ಎರಡು ಮಾಡ್ಯೂಲ್ ಜೋಡಿಸಿ ಕಲಿಯುವಾಗ ಎರಡರಲ್ಲಿಯೂ ಅದು ಇರಬೇಕು. ನಿಜವಾದ ಕಾರಿಗೆ ಹಚ್ಚುವಾಗ ತೆಗೆಯಬೇಕು, ಏಕೆಂದರೆ ಕಾರಿನ ತಂತಿಗಳ ಎರಡು ತುದಿಗಳಲ್ಲಿ ಅಂಥ ಪ್ರತಿರೋಧಗಳು ಈಗಾಗಲೇ ಇರುತ್ತವೆ. ಕೀಲಿ ತೆಗೆದು ಕೆಲವು ನಿಮಿಷ ಬಿಟ್ಟು, ಸ್ಟಿಯರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿನ 6 ಮತ್ತು 14ನೇ ಪಿನ್ನುಗಳ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಕ್ಯಾನ್ ಬಸ್ ನೇರವಾಗಿ ಆ ಸಾಕೆಟ್ಟಿಗೆ ಬಂದಿರುವ ಕಾರಿನಲ್ಲಿ ಸುಮಾರು 60 ಓಮ್ ಬರಬೇಕು. ನಿಮ್ಮ ಮಾಡ್ಯೂಲ್ ಹಚ್ಚಿದಾಗ ಅದು 40ಕ್ಕೆ ಇಳಿದರೆ ಜಂಪರ್ ಇನ್ನೂ ಅಲ್ಲಿಯೇ ಇದೆ ಎಂದರ್ಥ.