ಗುಲಾಬಿ ಬಿಡಿಸಿದರೆ ಎಲೆಕೋಸು ಆಗ್ತಿದೆ!

ಪ್ರಶ್ನೆ: ಆಯಿಲ್ ಪೇಂಟ್ ದಪ್ಪಗೆ ಹಾಕಿ, ಪೇಂಟಿಂಗ್ ನೈಫ್‌ನಲ್ಲಿ (ಬಣ್ಣ ಹಚ್ಚುವ ಚಪ್ಪಟೆ ಅಲಗು) ಎಳೆದು ಗುಲಾಬಿ ಮಾಡಬೇಕು ಅಂತ ಆಸೆ ಸರ್. ಒಂದೊಂದೇ ಎಸಳು ಎಣಿಸಿ ಬಿಡಿಸುತ್ತೇನೆ. ಆದರೂ ಬಣ್ಣ ಕಲಸಿ ಕೆಸರಾಗುತ್ತೆ. ನಮ್ಮ ಮನೆಯವರು ನೋಡಿ 'ಕೋಸು ಚೆನ್ನಾಗಿದೆ' ಅಂದರು.
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಎಸಳು ಎಣಿಸುತ್ತೀರಿ ಅಂದಿರಲ್ಲ, ತೊಂದರೆ ಅಲ್ಲೇ ಇದೆ. ಒಂದು ಗುಲಾಬಿ ತಂದು ಲೋಟದಲ್ಲಿಡಿ, ಕಿಟಕಿ ಬೆಳಕು ಒಂದೇ ಕಡೆಯಿಂದ ಬೀಳಲಿ, ಕಣ್ಣು ಅರ್ಧ ಮುಚ್ಚಿ ನೋಡಿ. ಎಸಳು ಕಾಣುವುದಿಲ್ಲ. ನಡುವೆ ಒಂದು ಕಪ್ಪು ಕುಳಿ, ಸುತ್ತ ಬೆಳಕಿನ ಮೂರು ನಾಲ್ಕು ತುಂಡು, ಅಷ್ಟೇ. ಬಿಡಿಸಬೇಕಾದ್ದು ಅದನ್ನು. ಎಲ್ಲ ಅಂಚೂ ಒಂದೇ ಸಮ ಚೂಪಾಗಿದ್ದರೆ ಅದು ಕೋಸೇ, ನಿಮ್ಮ ಮನೆಯವರು ಹೇಳಿದ್ದು ಸರಿ! ನೆರಳಿನ ಕಡೆ ಅಂಚು ಹಿನ್ನೆಲೆಯಲ್ಲಿ ಕರಗಿ ಹೋಗಲಿ.

ನೆರಳಿನ ಬಣ್ಣ ಮೊದಲು, ಟರ್ಪೆಂಟೈನ್ ಬೆರೆಸಿ ತೆಳ್ಳಗೆ. ಗಾಢ ಕೆಂಪಿಗೆ ಚೂರು ಹಸಿರು ಸಾಕು, ಕಪ್ಪು ಬೇಡ. ದಪ್ಪ ಬಣ್ಣ ಬೆಳಕು ಬೀಳುವ ಕಡೆ ಮಾತ್ರ. ಎಲ್ಲಾ ಕಡೆ ದಪ್ಪ ಮೆತ್ತಿದರೆ ಯಾವುದೂ ಎದ್ದು ಕಾಣುವುದಿಲ್ಲ ಅಲ್ವಾ? ನೈಫ್‌ನ ತುದಿಗೆ ಬಣ್ಣ ತಗೊಂಡು ಒತ್ತಿ, ಸ್ವಲ್ಪ ತಿರುಗಿಸಿ, ಎತ್ತಿಬಿಡಿ. ಎತ್ತಿದ ಮೇಲೆ ಬಟ್ಟೆಯಲ್ಲಿ ಒರೆಸಿ, ಪ್ರತಿ ಸಲವೂ. ಬೇಜಾರಿನ ಕೆಲಸ, ನನಗೂ ಗೊತ್ತು, ಆದರೆ ಒರೆಸದ ನೈಫೇ ಅರ್ಧ ಕೆಸರಿಗೆ ಕಾರಣ. ಇನ್ನರ್ಧಕ್ಕೆ ಕಾರಣ ನಮ್ಮ ಕೈ. ಹಾಕಿದ್ದನ್ನು ಸರಿ ಮಾಡೋಣ ಅಂತ ಅದೇ ಜಾಗ ಮೂರನೇ ಸಲ ಮುಟ್ಟಿದರೆ ಕೆಂಪು, ಬಿಳಿ, ಹಸಿರು ಎಲ್ಲ ಸೇರಿ ಬೂದಿಯಾಗುತ್ತದೆ. ಚೆನ್ನಾಗಿಲ್ಲ ಅನಿಸಿದರೆ ಉಜ್ಜಬೇಡಿ, ಪೂರ್ತಿ ಕೆರೆದು ತೆಗೆದು ಹೊಸದಾಗಿ ಹಾಕಿ. ನಾನು ಶುರುವಿನಲ್ಲಿ ಒಂದೇ ಹೂವಿಗೆ ಒಂದಿಡೀ ಬಿಳಿ ಟ್ಯೂಬ್ ಸುರಿದು, ಕೊನೆಗೆ ಎಲ್ಲ ಕೆರೆದು ಪೇಪರಿಗೆ ಒರೆಸಿದ್ದೇನೆ.

ಬಣ್ಣದ ಹದ ಆಗಷ್ಟೇ ಕಡೆದು ತೆಗೆದ ಬೆಣ್ಣೆಯಂತಿರಬೇಕು, ಕಾವಲಿ ಮೇಲೆ ದೋಸೆಗೆ ಹಾಕಿದ ಬೆಣ್ಣೆಯಂತಲ್ಲ. (ದಾವಣಗೆರೆಯವನು ಬೇರೆ ಏನು ಹೋಲಿಕೆ ಕೊಡಲಿ!) ಎಣ್ಣೆ ಜಾಸ್ತಿ ಇದ್ದರೆ ಬಣ್ಣವನ್ನು ರಟ್ಟಿನ ಮೇಲೆ ಹಿಂಡಿ ಸ್ವಲ್ಪ ಹೊತ್ತು ಬಿಡಿ, ರಟ್ಟು ಎಣ್ಣೆ ಕುಡಿಯುತ್ತದೆ. ಇನ್ನೊಂದು, ಕೆಂಪಿಗೆ ಬಿಳಿ ಸುರಿಯುತ್ತಾ ಹೋದರೆ ಸುಣ್ಣ ಬಳಿದಂತಾಗುತ್ತದೆ. ಬೆಳಕಿನ ಕಡೆ ಚಿಟಿಕೆ ಹಳದಿ ಸೇರಿಸಿ ನೋಡಿ.

ಪ್ರಶ್ನೆ: ಎರಡು ತಿಂಗಳಾಯಿತು, ದಪ್ಪ ಹಾಕಿದ ಜಾಗ ಒತ್ತಿದರೆ ಇನ್ನೂ ಮೆತ್ತಗಿದೆ. ತಾರಸಿ ಮೇಲೆ ಬಿಸಿಲಿಗೆ ಇಡಲಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬೇಡ, ಬಟ್ಟೆಯಂತೆ ಒಣಗುವ ವಸ್ತು ಅಲ್ಲ ಇದು. ಬಣ್ಣದಲ್ಲಿರುವ ಅಗಸೆ ಎಣ್ಣೆ ಆವಿಯಾಗುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಅದಕ್ಕೇ ಮೇಲೆ ಕೆನೆ ಕಟ್ಟಿದರೂ ಒಳಗೆ ಹಸಿ. ದಪ್ಪ ಇದ್ದಷ್ಟೂ ತಿಂಗಳುಗಟ್ಟಲೆ ಬೇಕು. ಗಾಳಿ, ಬೆಳಕು ಇರುವ ಕೋಣೆಯಲ್ಲಿಡಿ. ಬೀರುವಿನಲ್ಲಿ ಮುಚ್ಚಿಟ್ಟರೆ ಕತ್ತಲಿಗೆ ಎಣ್ಣೆ ಹಳದಿ ತಿರುಗುತ್ತದೆ. ವಾರ್ನಿಷ್‌ಗೆ ಅವಸರ ಬೇಡ, ಕನಿಷ್ಠ 6 ತಿಂಗಳು ಸುಮ್ನೆ ಬಿಡಿ. ಮುಂದಿನ ಸಲ ಹಲಗೆಯ ಮೇಲೆ ಅಕ್ರಿಲಿಕ್ ಮಾಡೆಲಿಂಗ್ ಪೇಸ್ಟ್‌ನಲ್ಲಿ (ಉಬ್ಬು ಮೂಡಿಸಲು ಬಳಸುವ, ಎಣ್ಣೆಯಿಲ್ಲದ ದಪ್ಪ ಮುದ್ದೆ) ಎಸಳಿನ ಉಬ್ಬು ಮಾಡಿ, ಅದು ಪೂರ್ತಿ ಒಣಗಿದ ಮೇಲೆ ಆಯಿಲ್ ಹಾಕಿ. ಬಣ್ಣವೂ ಉಳಿಯುತ್ತದೆ, ದುಡ್ಡೂ ಉಳಿಯುತ್ತದೆ. ಉಲ್ಟಾ ಮಾಡಬೇಡಿ, ಆಯಿಲ್ ಮೇಲೆ ಅಕ್ರಿಲಿಕ್ ನಿಲ್ಲುವುದಿಲ್ಲ.

ಪ್ರಶ್ನೆ: ಗುಲಾಬಿಯ ಕೆಂಪು ಮಾಸುತ್ತದಾ?
– ಓದುಗರೊಬ್ಬರು, ಹೊಳಲ್ಕೆರೆ

ಉತ್ತರ: ಮಾಸುತ್ತದೆ, ದೊಡ್ಡವರದ್ದೂ ಮಾಸಿದೆ. ಡಚ್ ಚಿತ್ರಕಾರ ವ್ಯಾನ್ ಗೋ 1890ರ ಮೇ ತಿಂಗಳಲ್ಲಿ ಬಿಡಿಸಿದ ಗುಲಾಬಿಗಳು ಈಗ ವಾಷಿಂಗ್ಟನ್, ನ್ಯೂಯಾರ್ಕ್ ಮ್ಯೂಸಿಯಂಗಳಲ್ಲಿ ಹೆಚ್ಚು ಕಡಿಮೆ ಬಿಳಿ ಹೂಗಳಾಗಿ ಕಾಣುತ್ತವೆ. ಅವು ಮೊದಲು ನಸುಗೆಂಪು. ಬಳಸಿದ ಕೆಂಪು ಬೆಳಕಿಗೆ ನಿಲ್ಲಲಿಲ್ಲ. ನೀವು ಟ್ಯೂಬಿನ ಹಿಂದೆ ಸಣ್ಣಕ್ಷರ ಓದಿ, ಒಳಗಿರುವ ಬಣ್ಣದ ಪುಡಿಯ ಸಂಕೇತ ಅಲ್ಲಿರುತ್ತದೆ. ಪಿಆರ್ 83 (PR83) ಅಂತಿದ್ದರೆ ಅದು ಅಲಿಜರಿನ್ ಎಂಬ ಹಳೇ ಕೆಂಪು, ಬಿಳಿ ಬೆರೆಸಿ ತೆಳ್ಳಗೆ ಹಾಕಿದರೆ ಬೇಗ ಮಾಸುತ್ತದೆ. ಬೆಳಕಿಗೆ ನಿಲ್ಲುವ ಪಿವಿ 19 (PV19) ಅಂತಿರುವುದನ್ನು ಕೇಳಿ ತಗೊಳ್ಳಿ.