ಡೈ ಹಚ್ಲಾ, ಬಿಡ್ಲಾ?

ಪ್ರಶ್ನೆ: ನಮಸ್ತೆ ಮೇಡಂ. ನನಗೆ 49 ವರ್ಷ, ಬಸವೇಶ್ವರನಗರದಲ್ಲಿ ಮನೆ, ಒಂದು ಸಹಕಾರಿ ಬ್ಯಾಂಕಲ್ಲಿ ಕ್ಯಾಶ್ ಕೌಂಟರ್ ಕೆಲಸ. 37ಕ್ಕೇ ಕೂದಲು ಬೆಳ್ಳಗಾಗೋಕೆ ಶುರುವಾಯ್ತು, ಅವತ್ತಿಂದ ಡೈ ಹಚ್ತಾ ಇದೀನಿ. ಮೊದಲು ಎರಡು ತಿಂಗಳಿಗೊಂದ್ಸಲ ಸಾಕಿತ್ತು, ಈಗ ಹದಿನೈದು ದಿನ ಆಗೋದ್ರೊಳಗೆ ಬೈತಲೆ ಉದ್ದಕ್ಕೂ ವಿಭೂತಿ ಬಳಿದ ಹಾಗೆ ಕಾಣತ್ತೆ, ಭಾನುವಾರ ಬಂದ್ರೆ ಇದೇ ಕೆಲಸ. ಬಿಟ್ಬಿಡೋಣ ಅಂದ್ರೆ ಮಗಳು ಬೇಡ್ವೇ ಬೇಡ ಅಂತಾಳೆ. ಫೆಬ್ರವರಿಲಿ ಅವಳ ಮದುವೆ. ಬೀಗಿತ್ತಿ ನನಗಿಂತ ನಾಲ್ಕು ವರ್ಷ ದೊಡ್ಡೋರು, ತಲೆ ನೋಡಿದ್ರೆ ಕಪ್ಪಗೆ ಮಿರಮಿರ ಅಂತಿದೆ, ಫೋಟೋಲಿ ಅವರ ಪಕ್ಕ ನಿಂತ್ರೆ ನೀನು ನನ್ನ ಅಜ್ಜಿ ಥರ ಕಾಣ್ತೀಯ ಅಂತಾಳೆ. ನಮ್ಮನೆಯವರು ನಿನ್ನಿಷ್ಟ ಅಂದು ಪೇಪರ್ ಓದ್ತಾ ಕೂರ್ತಾರೆ, ಅವರ ತಲೆ ಪೂರ್ತಿ ಬೆಳ್ಳಗಿದೆ, ಅವರನ್ನ ಯಾರೂ ಏನೂ ಕೇಳಲ್ಲ. ಅಂದ ಹಾಗೆ ಹೋದ ಎರಡು ಸಲ ಡೈ ಹಚ್ಚಿದ ಮಾರನೇ ದಿನ ಕಿವಿ ಹಿಂದೆ ಸ್ವಲ್ಪ ಕಡಿತ ಬಂದಿತ್ತು, ಬ್ರ್ಯಾಂಡ್ ಬದಲಾಯಿಸ್ದೆ. ನೀವೇ ಹೇಳಿ, ಮುಂದುವರಿಸ್ಲಾ ಬಿಡ್ಲಾ?

ಉತ್ತರ: ನಿಮ್ಮ ಕಾಗದ ಎರಡು ಸಲ ಓದಿದೆ. ಮಗಳು, ಬೀಗಿತ್ತಿ, ಫೋಟೋ ಇವೆಲ್ಲ ಮುಕ್ಕಾಲು ಪುಟ, ಕಿವಿ ಹಿಂದಿನ ಕಡಿತ ಮಾತ್ರ ಒಂದೇ ಸಾಲು, ಅದೂ "ಅಂದ ಹಾಗೆ" ಅಂತ. ನಾನು ಅಲ್ಲಿಂದಲೇ ಶುರು ಮಾಡ್ತೀನಿ, ಬೀಗಿತ್ತಿ ಸ್ವಲ್ಪ ಹೊತ್ತು ಕಾಯ್ಲಿ.

ಕಪ್ಪು ಡೈಗಳಲ್ಲಿ ಹೆಚ್ಚಿನವಕ್ಕೆ ಆ ಕಪ್ಪು ಬರೋದು ಪಿಪಿಡಿ ಅನ್ನೋ ಕೆಮಿಕಲ್‌ನಿಂದ, ಪೂರ್ತಿ ಹೆಸರು ಪ್ಯಾರಾ ಫಿನೈಲೀನ್ ಡೈಅಮೀನ್. ಡಬ್ಬದಲ್ಲಿರುವಾಗ ಅದಕ್ಕೆ ಆ ಬಣ್ಣನೇ ಇರಲ್ಲ. ಅಮೋನಿಯಾ ಕೂದಲಿನ ಮೇಲ್ಪದರ ಬಿಡಿಸತ್ತೆ, ಪೆರಾಕ್ಸೈಡ್ ಜೊತೆ ಸೇರಿ ಪಿಪಿಡಿ ಕೂದಲೊಳಗೆ ಹೋಗಿ ಅಲ್ಲೇ ದಪ್ಪಗಾಗಿ ಕಪ್ಪಾಗಿ ಕೂತ್ಬಿಡತ್ತೆ, ಅದಕ್ಕೇ ತೊಳೆದ್ರೂ ಹೋಗಲ್ಲ. ಇದೇ ಪಿಪಿಡಿ ಕೆಲವರ ಮೈಗೆ ಆಗಲ್ಲ. ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ ಅಂತ ಚರ್ಮದ ಅಲರ್ಜಿ ನೋಡೋ ಡಾಕ್ಟರುಗಳ ಸಂಘ ಇದೆ, ಅವರು 2006ರಲ್ಲಿ ಇದನ್ನೇ "ವರ್ಷದ ಅಲರ್ಜನ್" ಅಂತ ಆರಿಸಿದ್ರು. (ಅಂಥದ್ದಕ್ಕೂ ಒಂದು ಪಟ್ಟ ಇದೆ ನೋಡಿ.)

"ಹನ್ನೆರಡು ವರ್ಷದಿಂದ ಏನೂ ಆಗಿಲ್ಲ, ಈಗ ಹೇಗೆ" ಅಂತ ಅನ್ನಿಸಬಹುದು. ಈ ಅಲರ್ಜಿ ಹೆಚ್ಚಾಗಿ ಬರೋದೇ ಹಾಗೆ. ಮೈ ಎಷ್ಟೋ ಸಲ ಸುಮ್ನಿದ್ದು ಒಂದಿನ ಇದು ನನಗೆ ಬೇಡ ಅಂತ ತೀರ್ಮಾನ ಮಾಡತ್ತೆ, ಆಮೇಲೆ ಆ ತೀರ್ಮಾನ ಸಾಮಾನ್ಯವಾಗಿ ಜೀವಮಾನ ಪೂರ್ತಿ ಬದಲಾಗಲ್ಲ, ಪ್ರತಿ ಸಲ ಹಚ್ಚಿದಾಗಲೂ ಮುಂಚಿಗಿಂತ ಜೋರಾಗಬಹುದು. ಕಾಣಿಸಿಕೊಳ್ಳೋದು ಹಚ್ಚಿದ ಒಂದರಿಂದ ಮೂರು ದಿನದೊಳಗೆ, ಅದೂ ನೆತ್ತಿಗಿಂತ ಹೆಚ್ಚಾಗಿ ಕಿವಿ ಹಿಂದೆ, ಹಣೆ ಅಂಚು, ಕತ್ತು, ಕಣ್ಣು ರೆಪ್ಪೆ. ನಿಮ್ಮದು ಮಾರನೇ ದಿನ, ಕಿವಿ ಹಿಂದೆ, ಎರಡು ಸಲ. ಕಾಗದ ನೋಡಿ ಇದು ಅದೇ ಅಂತ ನಾನು ಹೇಳೋಕಾಗಲ್ಲ, ನಾನೇನು ಡಾಕ್ಟರಲ್ಲ, ಆದ್ರೆ ಇಷ್ಟು ಹೊಂದಿಕೊಂಡಿರುವಾಗ ಮೂರನೇ ಸಲ ಹಚ್ಚಿ ನೋಡೋಣ ಅನ್ನೋ ಧೈರ್ಯ ಬೇಡ. ಬ್ರ್ಯಾಂಡ್ ಬದಲಾಯಿಸೋದು ಇದಕ್ಕೆ ಪರಿಹಾರನೂ ಅಲ್ಲ, ಡಬ್ಬದ ಮೇಲಿನ ಹೆಂಗಸಿನ ಫೋಟೋ ಬೇರೆ, ಒಳಗಿರೋದು ಬಹುಪಾಲು ಅದೇ. ಅಮೋನಿಯಾ ಫ್ರೀ ಅಂತ ಬರೆದಿದ್ರೆ ಅಮೋನಿಯಾ ಇಲ್ಲ ಅಂತ ಮಾತ್ರ ಅರ್ಥ, ಪಿಪಿಡಿ ಇಲ್ಲ ಅಂತಲ್ಲ. ಹರ್ಬಲ್ ಅಂತ, ಕಪ್ಪು ಮೆಹೆಂದಿ ಅಂತ ಮಾರೋ ಎಷ್ಟೋ ಪ್ಯಾಕೆಟ್‌ಗಳಲ್ಲೂ ಇದೇ ಇರತ್ತೆ. ಮದರಂಗಿ ಎಲೆ ತಾನಾಗಿ ಕಪ್ಪು ಬಣ್ಣ ಕೊಡಲ್ಲ, ಅದು ಕೊಡೋದು ಕೆಂಪು. ಬರೀ ಮೆಹೆಂದಿ ಅಂತ ಹೇಳಿ ಅರ್ಧ ಗಂಟೆಲಿ ಕಾಡಿಗೆ ಕಪ್ಪು ಬಂತು ಅಂದ್ರೆ ಅದರಲ್ಲಿ ಇನ್ನೇನೋ ಸೇರಿದೆ.

ಆದ್ದರಿಂದ ಮೊದಲು ಚರ್ಮದ ಡಾಕ್ಟರ ಹತ್ರ ಹೋಗಿ ಪ್ಯಾಚ್ ಟೆಸ್ಟ್ ಮಾಡಿಸ್ಕೊಳಿ. ಬೆನ್ನಿಗೆ ಸಣ್ಣ ಸಣ್ಣ ಪಟ್ಟಿ ಅಂಟಿಸಿ 48 ಗಂಟೆ ಬಿಟ್ಟು ತೆಗೀತಾರೆ, ಆಮೇಲೂ ಒಂದೆರಡು ದಿನ ಬಿಟ್ಟು ಇನ್ನೊಂದ್ಸಲ ನೋಡ್ತಾರೆ, ಅಲ್ಲೀವರೆಗೂ ಬೆನ್ನಿಗೆ ನೀರು ತಾಗಿಸೋ ಹಾಗಿಲ್ಲ, ಹಾಗಾಗಿ ವ್ರತ ಪೂಜೆ ಅಂತ ತಲೆ ಸ್ನಾನ ಇರೋ ವಾರ ಇಟ್ಕೋಬೇಡಿ. ರಿಪೋರ್ಟ್ ಬರೋವರೆಗೂ ಡೈ ಮುಟ್ಟಬೇಡಿ. ಯಾವತ್ತಾದ್ರೂ ಮುಖ ಊದಿದ್ರೆ, ಉಸಿರು ಕಟ್ಟಿದ ಹಾಗಾದ್ರೆ ಬೆಳಗಾಗ್ಲಿ ಅಂತ ಕಾಯಬೇಡಿ, ರಾತ್ರಿನೇ ಆಸ್ಪತ್ರೆಗೆ ಹೊರಡಿ.

ಈಗ ಬೀಗಿತ್ತಿ ವಿಷಯ.

ನಾನೂ 38ರಿಂದ 51ರವರೆಗೆ ಹಚ್ಚಿದೋಳೇ. ವರ್ಷಕ್ಕೆ 15 ಸಲ ಅಂದ್ರೂ 13 ವರ್ಷಕ್ಕೆ 195 ಸಲ, ಅಂದ್ರೆ 195 ಭಾನುವಾರ ಹಳೇ ನೈಟಿ ಹಾಕ್ಕೊಂಡು ತಲೆಗೆ ಪ್ಲಾಸ್ಟಿಕ್ ಸುತ್ತಿಕೊಂಡು, ಯಾರಾದ್ರೂ ಬೆಲ್ ಮಾಡಿದ್ರೆ ಮಗನ್ನ ಬಾಗಿಲಿಗೆ ಕಳಿಸಿ ಒಳಗೆ ಅಡಗಿ ಕೂತಿದೀನಿ. ನಿಲ್ಲಿಸಿದ್ದು ಏನೋ ದೊಡ್ಡ ಜ್ಞಾನೋದಯ ಆಗಿ ಅಲ್ಲ, 2020ರ ಮಾರ್ಚಲ್ಲಿ ಲಾಕ್‌ಡೌನ್ ಆಯ್ತು, ಗಾಂಧಿಬಜಾರ್ ಕಡೆ ನಾನು ಹೋಗ್ತಿದ್ದ ಪಾರ್ಲರ್ ಮುಚ್ತು, ಮನೇಲಿದ್ದ ಪ್ಯಾಕೆಟ್ ಖಾಲಿ ಆಯ್ತು, ನೋಡೋರೂ ಯಾರೂ ಇರ್ಲಿಲ್ಲ. ತೆರೆಯೋ ಹೊತ್ತಿಗೆ ಮೂರು ಬೆರಳಗಲ ಬೆಳ್ಳಗೆ ಬಂದಿತ್ತು, ಇಷ್ಟು ಬಂದಿದೆ ಇನ್ನೇನು ಅಂತ ಬಿಟ್ಟೆ. ಆರಾಮಾಗಿತ್ತು ಅಂತ ಸುಳ್ಳು ಹೇಳಲ್ಲ. ಕೂದಲು ಬೆಳೆಯೋದು ತಿಂಗಳಿಗೆ ಹೆಚ್ಚು ಕಡಿಮೆ ಒಂದು ಸೆಂಟಿಮೀಟರ್, ಒಂದೂಕಾಲು ಅಂದ್ಕೊಳಿ, ಭುಜದ ತನಕ ಇರೋ ಕೂದಲು ಪೂರ್ತಿ ಬದಲಾಗೋಕೆ ಎರಡು ಎರಡೂವರೆ ವರ್ಷ ಬೇಕು, ಅಷ್ಟು ದಿನವೂ ಮೇಲೆ ಬಿಳಿ ಕೆಳಗೆ ಮಾಸಿದ ಕೆಂಗಪ್ಪು, ಇಳಕಲ್ ಸೀರೆ ಸೆರಗು ತಲೆ ಮೇಲೆ ಹೊದ್ದ ಹಾಗೆ ಗಡಿ ಎದ್ದು ಕಾಣತ್ತೆ. ಆಮೇಲೊಂದ್ಸಲ ಕಡ್ಲೆಕಾಯಿ ಪರಿಷೆಲಿ ಸೇರು ಅಳೆಯೋ ಹುಡುಗ "ತಗೊಳಿ ಅಜ್ಜಿ" ಅಂತ ಒಂದು ಬೊಗಸೆ ಜಾಸ್ತಿ ಹಾಕ್ದ. ಅಜ್ಜಿ ಅಂದಿದ್ದಕ್ಕೆ ಬೇಜಾರು, ಜಾಸ್ತಿ ಹಾಕಿದ್ದಕ್ಕೆ ಖುಷಿ, ಬುಲ್ ಟೆಂಪಲ್ ರೋಡ್ ಪೂರ್ತಿ ಸಿಪ್ಪೆ ಸುಲೀತಾ ಇದನ್ನೇ ಯೋಚನೆ ಮಾಡ್ಕೊಂಡು ಬಂದೆ.

ಅದಕ್ಕೇ ಯಾರಾದ್ರೂ ಕೇಳಿದ್ರೆ ನಾನು ಹೇಳೋದು, ಡೈ ಹಚ್ಚೋದು ಒಂದು ಚಾಕರಿ, ಬಿಡೋದು ಇನ್ನೊಂದು ಚಾಕರಿ, ನಿಮಗೆ ಯಾವುದು ಮಾಡೋಕೆ ತ್ರಾಣ ಇದೆ ಅಂತ ನೋಡಿ. ಹಚ್ಚೋರೆಲ್ಲ ಸುಳ್ಳುಗಾರರಲ್ಲ, ಬಿಟ್ಟೋರೆಲ್ಲ ಧೀರೆಯರಲ್ಲ. ನನ್ನ ತಂಗಿ ಈಗಲೂ ಹಚ್ತಾಳೆ, ಅವಳಿಗೆ ಅದು ಶನಿವಾರದ ಎಣ್ಣೆ ಸ್ನಾನದಷ್ಟೇ ಇಷ್ಟ, ಚೆನ್ನಾಗೂ ಕಾಣ್ತಾಳೆ. ನೀವು ಭಾನುವಾರ ಬಂದ್ರೆ ಇದೇ ಕೆಲಸ ಅಂತ ಬರೆದಿದ್ದೀರ, ನಿಮಗೆ ಸಾಕಾಗಿದೆ ಅಂತ ನನಗನ್ಸತ್ತೆ. ಜೊತೆಗೆ ಕಡಿತ. ನಿಮ್ಮ ವಿಷಯದಲ್ಲಿ ನಾನು ಬಿಡಿ ಅಂತಲೇ ಹೇಳೋದು, ಮಗಳಿಗೆ ಕಿವಿ ಹಿಂದಿನ ವಿಷಯ ಪೂರ್ತಿ ಬಿಡಿಸಿ ಹೇಳಿ, ಅವಳಿಗೆ ಅದನ್ನ ಹೇಳಿರಲಿಕ್ಕಿಲ್ಲ ನೀವು.

ಮದುವೆಗೆ ಏನು ಮಾಡೋದು ಅಂದ್ರೆ, ಕೂದಲು ಭುಜಕ್ಕಿಂತ ಮೇಲೆ ಕತ್ತರಿಸೋಕೆ ಮನಸ್ಸಿದ್ರೆ ಅರ್ಧ ಕೆಲಸ ಮುಗೀತು. ಮನಸ್ಸಿಲ್ಲ, ತುರುಬು ಹಾಕ್ಬೇಕು ಅಂದ್ರೆ ಬೈತಲೆ ನೇರ ತೆಗೀದೆ ಪಕ್ಕಕ್ಕೆ ತೆಗೀರಿ, ಆ ಗೆರೆ ಅರ್ಧ ಮರೆಯಾಗತ್ತೆ, ತುರುಬಿನ ಸುತ್ತ ಮಲ್ಲಿಗೆ ದಂಡೆ ಇದ್ರೆ ಹಿಂದಿನ ಎರಡು ಬಣ್ಣ ಯಾರಿಗೂ ಕಾಣಲ್ಲ. ಡಾಕ್ಟರು ಪರವಾಗಿಲ್ಲ ಅಂದ್ರೆ ಮದರಂಗಿ ಮತ್ತೆ ನೀಲಿ ಎಲೆ ಪುಡಿ (ಇಂಡಿಗೋ ಗಿಡದ ಎಲೆ) ಎರಡು ಹಂತದಲ್ಲಿ ಹಚ್ಚಬಹುದು. ಮೊದಲು ಬರೀ ಮದರಂಗಿ ಎರಡು ಮೂರು ಗಂಟೆ ಇಟ್ಟು ತೊಳೀರಿ, ಆಗ ಬಿಳಿ ಕೂದಲೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗತ್ತೆ, ಗಾಬರಿ ಆಗಬೇಡಿ, ಆಮೇಲೆ ನೀಲಿ ಪುಡೀನ ಉಗುರು ಬೆಚ್ಚಗಿನ ನೀರಲ್ಲಿ ಕಲಸಿ ಹತ್ತು ಹದಿನೈದು ನಿಮಿಷ ಬಿಟ್ಟು ತಕ್ಷಣ ಹಚ್ಚಿ, ಕಂದಿನಿಂದ ಕಪ್ಪಿನವರೆಗೆ ಬರತ್ತೆ. ಮದರಂಗಿ ಥರ ಇದನ್ನ ರಾತ್ರಿ ನೆನೆಸಿಟ್ಟರೆ ಬಣ್ಣ ಸತ್ತೋಗತ್ತೆ. ಅರ್ಧ ದಿನದ ಕೆಲಸ, ತಲೆ ಎರಡು ದಿನ ಹಸಿ ಹುಲ್ಲಿನ ವಾಸನೆ ಹೊಡೀತಿರತ್ತೆ, ಬಚ್ಚಲು ನೀಲಿ. ಚಿಕ್ಕಪೇಟೆ ಅವೆನ್ಯೂ ರೋಡ್ ಕಡೆ ಗ್ರಂಥಿಗೆ ಅಂಗಡಿಗಳಲ್ಲಿ ಎರಡೂ ಬಿಡಿಯಾಗಿ ಸಿಗತ್ತೆ, ಬೇರೇನೂ ಬೆರೆಸಿಲ್ಲ ತಾನೆ ಅಂತ ಕೇಳಿ ತಗೊಳಿ, ಮದುವೆಗೆ ಒಂದು ತಿಂಗಳು ಮುಂಚೆ ಮೊಣಕೈ ಒಳಗಡೆ ಹಚ್ಚಿ ಎರಡು ದಿನ ನೋಡಿ.

ಇನ್ನೊಂದು, ಮುಂದೆ ಹಣೆ ಮೇಲೆ ಮಾತ್ರ ಬೆಳ್ಳಗಿದ್ರೆ ಅದನ್ನ ಇಂದಿರಾ ಗಾಂಧಿ ಥರ ಪಟ್ಟಿ ಬಿಡಬಹುದು, ಅದರ ಅಂದನೇ ಬೇರೆ. ಮಗಳು ಆ ಫೋಟೋ ನೋಡಿಲ್ಲ ಅಂದ್ರೆ ತೋರಿಸಿ.

ಪ್ರಶ್ನೆ: ನನಗೆ 24, ಊರು ದಾವಣಗೆರೆ ಹತ್ರ, ಮಾರತ್ತಹಳ್ಳಿಲಿ ಪೀಜಿ. ಬೆಂಗಳೂರಿಗೆ ಬಂದು ಎರಡು ವರ್ಷಕ್ಕೆ ಕಿವಿ ಪಕ್ಕ ಎಲ್ಲಾ ಬೆಳ್ಳಗಾಯ್ತು. ಟ್ಯಾಂಕರ್ ನೀರು ಕಾರಣ ಅಂತ ಫ್ರೆಂಡ್ಸ್ ಹೇಳ್ತಾರೆ. ಫಿಲ್ಟರ್ ಹಾಕಿಸ್ಲಾ? ಒಂದು ಕಿತ್ರೆ ಏಳು ಬರತ್ತಂತೆ ನಿಜಾನಾ?

ಉತ್ತರ: ನೀರಿನ ಮೇಲೆ ಹಾಕೋದು ಬೆಂಗಳೂರಿಗರ ಹಳೇ ಅಭ್ಯಾಸ ಕಣಪ್ಪಾ, ಕೂದಲು ಉದುರಿದ್ರೂ ನೀರು, ಬೇಳೆ ಬೇಯದೇ ಇದ್ರೂ ನೀರು. ಬೇಳೆ ವಿಷಯದಲ್ಲಿ ನೀರಿನ ಪಾತ್ರ ಇದೆ. ಕೂದಲ ಬಣ್ಣ ಮಾತ್ರ ತಯಾರಾಗೋದು ಚರ್ಮದೊಳಗೆ, ಬೇರಿನ ಗುಂಡಿಲಿ, ಅಲ್ಲಿರೋ ಮೆಲನೋಸೈಟ್ ಕೋಶಗಳು ಮೆಲನಿನ್ ತುಂಬಿಸಿ ಕೂದಲನ್ನ ಹೊರಗೆ ಕಳಿಸ್ತವೆ, ಅವು ಖಾಲಿಯಾದ್ರೆ ಬಿಳಿ. ಬೋರ್‌ವೆಲ್ ನೀರು ಹೊರಗೆ ಬಂದ ಕೂದಲಿಗೆ ಉಪ್ಪು ಹತ್ತಿಸಿ ತೆಂಗಿನ ನಾರು ಮಾಡತ್ತೆ, ಆದ್ರೆ ಒಳಗಿನ ಕಾರ್ಖಾನೆ ಮುಚ್ಚಿಸೋಕಾಗಲ್ಲ. ಫಿಲ್ಟರ್ ದುಡ್ಡು ಉಳಿಸ್ಕೋ.

ನಮ್ಮ ಕಡೆಯವರಿಗೆ 25ಕ್ಕೆ ಮುಂಚೆ ಬಂದ್ರೆ ಡಾಕ್ಟರುಗಳು ಅದನ್ನ ಅಕಾಲ ನರೆ ಅಂತ ಎಣಿಸ್ತಾರೆ. ಬಹಳ ಸಲ ಅಪ್ಪನಿಂದಲೋ ಸೋದರಮಾವನಿಂದಲೋ ಬಂದಿರತ್ತೆ, ಮನೆ ಆಲ್ಬಮ್ ನೋಡು. 2016ರಲ್ಲಿ ಲ್ಯಾಟಿನ್ ಅಮೆರಿಕದ ಜನರ ಮೇಲೆ ನಡೆದ ಅಧ್ಯಯನದಲ್ಲಿ ನರೆಗೆ ಸಂಬಂಧಪಟ್ಟ ಐಆರ್‌ಎಫ್4 ಅನ್ನೋ ಜೀನ್ ಕೂಡ ಸಿಕ್ತು. ಆದ್ರೂ ಒಂದ್ಸಲ ಬಿ12, ಥೈರಾಯ್ಡ್, ಫೆರಿಟಿನ್ (ಮೈಯಲ್ಲಿ ಕಬ್ಬಿಣದಂಶ ಎಷ್ಟಿದೆ ಅಂತ ತೋರಿಸೋದು) ರಕ್ತ ಪರೀಕ್ಷೆ ಮಾಡಿಸು. ಬಿ12 ಸೊಪ್ಪು ತರಕಾರಿಲಿ ಸಿಗಲ್ಲ, ಹಾಲು ಮೊಸರು ಮೊಟ್ಟೆ ಮಾಂಸದಲ್ಲಿದೆ, ಪೀಜಿಯ ಅನ್ನ ಸಾರು ತಿಂದು ಮೊಸರೂ ಬಿಟ್ಟಿದ್ರೆ ಕಡಿಮೆ ಆಗಿರಬಹುದು. ಸಿಗರೇಟ್ ಇದ್ರೆ ಅದಕ್ಕೂ ನರೆಗೂ ನಂಟಿದೆ. ಟೆನ್ಷನ್‌ಗೂ ಇದೆ, 2020ರಲ್ಲಿ ಹಾರ್ವರ್ಡ್‌ನವರು ಇಲಿಗಳಲ್ಲಿ ತೋರಿಸಿದ್ರು, ಒತ್ತಡ ಆದಾಗ ನರಗಳಿಂದ ಬರೋ ರಾಸಾಯನಿಕ ಆ ಬಣ್ಣದ ಮೂಲ ಕೋಶಗಳನ್ನೇ ಖಾಲಿ ಮಾಡತ್ತೆ ಅಂತ. ಮಾರನೇ ವರ್ಷ ಅಮೆರಿಕದ ಕೊಲಂಬಿಯಾ ಯೂನಿವರ್ಸಿಟಿಯವರು ಮನುಷ್ಯರ ಕೂದಲನ್ನೇ ಉದ್ದಕ್ಕೂ ಅಳೆದು, ಒತ್ತಡ ಇಳಿದಾಗ ಕೆಲವು ಕೂದಲಿಗೆ ಬಣ್ಣ ವಾಪಸ್ ಬಂದಿದ್ದನ್ನ ಕಂಡ್ರು. ಕೆಲವು ಮಾತ್ರ, ಅದನ್ನ ನಂಬಿಕೊಂಡು ಕೆಲಸಕ್ಕೆ ರಾಜೀನಾಮೆ ಬಿಸಾಕಬೇಡ.

ಒಂದು ಕಿತ್ರೆ ಏಳು ಬರಲ್ಲ, ಒಂದು ಗುಂಡಿಯ ವಿಷಯ ಪಕ್ಕದ ಗುಂಡಿಗೆ ಗೊತ್ತಾಗಲ್ಲ. ಆದ್ರೆ ಕೀಳ್ತಾನೇ ಇದ್ರೆ ಅಲ್ಲಿ ಕೂದಲೇ ಬರದ ಹಾಗಾಗಬಹುದು. ಹತ್ತು ಇಪ್ಪತ್ತು ಇದ್ರೆ ಸಣ್ಣ ಕತ್ತರಿಲಿ ಕತ್ತರಿಸಿ ಬಿಡು.

ಪ್ರಶ್ನೆ: ನಮ್ಮ ಯಜಮಾನರಿಗೆ 68. ತಲೆಗೆ ಬಿಟ್ಟಿದ್ದಾರೆ, ಮೀಸೆಗೆ ಮಾತ್ರ ಕಡು ಕಪ್ಪು ಡೈ. ಲಾಲ್‌ಬಾಗ್ ವಾಕಿಂಗ್ ಗ್ರೂಪಲ್ಲಿ ಎಲ್ಲರೂ ನಗ್ತಾರೆ. ನಾನು ಹೇಳಿದ್ರೆ ಸಿಟ್ಟು. ಮನೇಲಿದ್ದ ಒಳ್ಳೇ ಬಿಳಿ ಟವೆಲ್‌ಗೆಲ್ಲ ಕಲೆ.

ಉತ್ತರ: ವಾಕಿಂಗ್ ಗ್ರೂಪಿನ ಅರ್ಧ ಜನ ಅದೇ ಡೈ ಹಚ್ಚೋರೇ ಇರ್ತಾರಮ್ಮ. ಮೀಸೆ ಅವರದ್ದು, ಬಿಡಿ. ಹೇಳೋದೇ ಆದ್ರೆ ಕಪ್ಪು ಬಿಟ್ಟು ಗಾಢ ಕಂದು ತಂದಿಡಿ, ಮುಖದ ಮೇಲೆ ಸ್ಟಾಂಪ್ ಒತ್ತಿದ ಹಾಗೆ ಕಾಣೋದು ತಪ್ಪತ್ತೆ, ಅವರಿಗೆ ಗೊತ್ತೂ ಆಗಲ್ಲ. ಡಬ್ಬದಲ್ಲಿ ಬರೆದಿರೋದಕ್ಕಿಂತ ಜಾಸ್ತಿ ಹೊತ್ತು ಬಿಡಬಾರ್ದು, ಉಳಿದಿದ್ದನ್ನ ಹುಬ್ಬಿಗಂತೂ ಸವರೋಕೆ ಬಿಡಲೇಬೇಡಿ, ಕಣ್ಣಿಗೆ ಹೋದ್ರೆ ಬಲು ಕಷ್ಟ. ಟವೆಲ್ ಕಲೆ ನೀವು ಏನು ಉಜ್ಜಿದ್ರೂ ಹೋಗಲ್ಲ, ಅದರಲ್ಲಿ ಒಂದನ್ನ ಮೀಸೆ ಟವೆಲ್ ಅಂತ ಬೇರೆ ಮೊಳೆಗೆ ನೇತು ಹಾಕ್ಬಿಡಿ.