ಹಿತ್ತಲ ಗೋಡೆಗೆ ಬಂದ ಕೂದಲ ಜೇಡ: ಯಾವ ಜಾತಿ, ಗಂಡೋ ಹೆಣ್ಣೋ?

ಪ್ರಶ್ನೆ: ನಾವು ಹಾವೇರಿ ಕಡೆಯವರು, ಹತ್ತು ವರ್ಷದಿಂದ ಗೋವಾದ ಪೋಂಡಾದಲ್ಲಿದ್ದೇವೆ. ಮನೆ ಹಿಂದೆ ಗೇರುತೋಟ. ಮೊನ್ನೆ ಜೋರು ಮಳೆಯ ರಾತ್ರಿ ಹಿತ್ತಲ ಗೋಡೆ ಮೇಲೆ ಅಂಗೈಯಗಲದ ಕೂದಲ ಜೇಡ ಕೂತಿತ್ತು. ಗಾಜಿನ ಬಾಟಲಿಯೊಳಗೆ ಹಿಡಿದು, ಮುಚ್ಚಳಕ್ಕೆ ತೂತು ಮಾಡಿ ಇಟ್ಟಿದ್ದೇನೆ. ಮೂರು ಫೋಟೊ ಕಳಿಸಿದ್ದೇನೆ. ಇದು ಟ್ಯಾರಂಟುಲಾನಾ? ಯಾವ ಜಾತಿ? ಇಂಟರ್ನೆಟ್‌ನಲ್ಲಿ ಹೇಳಿದ ಹಾಗೆ ಮುಂಗಾಲಲ್ಲಿ ಕೊಕ್ಕೆ ಹುಡುಕಿದೆ, ಇಲ್ಲ. ಹಾಗಾದರೆ ಹೆಣ್ಣೇ ಅಲ್ವಾ? ಮಗ ಸಾಕೋಣ ಅಂತಾನೆ, ನಮ್ಮನೆಯವರು ಹೊಡೆದುಹಾಕು ಅಂತಾರೆ.
– ಒಬ್ಬ ಓದುಗರು, ಪೋಂಡಾ

ಉತ್ತರ: ಟ್ಯಾರಂಟುಲಾ ಹೌದು. ಹೆಣ್ಣು ಮಾತ್ರ ಅಲ್ಲ, ಇದು ಬೆಳೆದ ಗಂಡು.

ನಿಮ್ಮ ಮೂರನೇ ಫೋಟೊ ಬಹಳ ಉಪಯೋಗಕ್ಕೆ ಬಂತು. ಜೇಡ ಗಾಜಿನ ಗೋಡೆ ಹತ್ತಿ ನಿಂತಿದೆ, ಹೊರಗಿನಿಂದ ಅದರ ಅಡಿಭಾಗ ಪೂರ್ತಿ ಕಾಣುತ್ತಿದೆ. ಹೊಟ್ಟೆಯ ಕೆಳಗೆ ಎರಡು ಜೊತೆ ಮಸುಕು ಬಿಳಿ ಮಚ್ಚೆಗಳಿವೆ ನೋಡಿ, ಅವು ಉಸಿರಾಟದ ಅಂಗಗಳು. ಮನೆಯೊಳಗೆ ಓಡಾಡುವ ದೊಡ್ಡ ಚಪ್ಪಟೆ ಜೇಡಕ್ಕೆ ಇವು ಒಂದೇ ಜೊತೆ. ಅದರ ಹಲ್ಲುಗಳು ಇಕ್ಕಳದ ಹಾಗೆ ಎದುರುಬದುರಾಗಿ ಕೂಡುತ್ತವೆ. ಟ್ಯಾರಂಟುಲಾದ ಹಲ್ಲುಗಳು ಅಕ್ಕಪಕ್ಕದಲ್ಲಿ ನಿಂತು ಕೆಳಮುಖವಾಗಿ ಚುಚ್ಚುತ್ತವೆ.

ಈಗ ಕೊಕ್ಕೆಯ ವಿಷಯ. ನೀವು ಓದಿದ್ದು ಸುಳ್ಳಲ್ಲ, ಆದರೆ ಅದು ಅಮೆರಿಕದ ಜೇಡ ಸಾಕುವವರಿಗಾಗಿ ಬರೆದದ್ದು. ಅಲ್ಲಿನ ಎಷ್ಟೋ ಜಾತಿಗಳಲ್ಲಿ ಬೆಳೆದ ಗಂಡಿನ ಮುಂಗಾಲಲ್ಲಿ ಕೊಕ್ಕೆ ಇರುತ್ತದೆ. ನಮ್ಮ ಕಡೆ ಜಾಸ್ತಿ ಸಿಗುವ ಗುಂಪುಗಳಲ್ಲಿ ಗಂಡಿಗೂ ಅದು ಇರುವುದಿಲ್ಲ. ನಾನೂ ಕಲಿಯುವ ಕಾಲದಲ್ಲಿ ಕೊಕ್ಕೆ ಇಲ್ಲ ಅಂತ ಒಂದನ್ನು ಹೆಣ್ಣೆಂದು ಬರೆದಿಟ್ಟು, ಮೈಕ್ರೊಸ್ಕೋಪ್ ಕೆಳಗಿಟ್ಟಾಗ ನಾಚಿಕೊಂಡಿದ್ದೇನೆ. ನೋಡಬೇಕಾದ್ದು ಬಾಯಿಯ ಪಕ್ಕದ ಗಿಡ್ಡ ಜೋಡಿಯನ್ನು. ಸುಮ್ನೆ ಎಣಿಸಿದರೆ ಜೇಡಕ್ಕೆ ಹತ್ತು ಕಾಲು ಇದ್ದ ಹಾಗೆ ಅನ್ನಿಸುವುದು ಇದರಿಂದಲೇ. ಹೆಣ್ಣಿನಲ್ಲಿ ಮತ್ತು ಮರಿಗಳಲ್ಲಿ ಈ ಗಿಡ್ಡ ಕಾಲಿನ ತುದಿ ಉಳಿದ ಕಾಲುಗಳಂತೆಯೇ ನೀಟಾಗಿ ಮುಗಿಯುತ್ತದೆ. ನಿಮ್ಮ ಜೇಡದಲ್ಲಿ ತುದಿ ಮೊಗ್ಗಿನ ಹಾಗೆ ಉಬ್ಬಿದೆ. ಫೋಟೊ ದೊಡ್ಡದು ಮಾಡಿ ನೋಡಿ: ಉಬ್ಬಿನ ಅಡಿಯಲ್ಲಿ ಹುಣಸೆಬೀಜದ ಬಣ್ಣದ ಹೊಳೆಯುವ ಹನಿ, ಅದಕ್ಕೊಂದು ಬಾಗಿದ ಮುಳ್ಳು. ಗಂಡು ವೀರ್ಯ ತುಂಬಿಕೊಂಡು ಹೋಗುವುದು ಇದರಲ್ಲೇ. ಸಣಕಲು ಹೊಟ್ಟೆ, ಉದ್ದ ಕಾಲು, ಮಳೆಗಾಲದ ರಾತ್ರಿ ಬಿಲ ಬಿಟ್ಟು ಅಲೆದಾಟ, ಇವೆಲ್ಲ ಗಂಡಿನದೇ ಲಕ್ಷಣ. ಹೆಣ್ಣು ಹುಡುಕಿಕೊಂಡು ನಿಮ್ಮ ಗೋಡೆ ಹತ್ತಿದೆ, ಅಷ್ಟೇ.

ಜಾತಿಯ ಬಗ್ಗೆ ಇಷ್ಟು ಧೈರ್ಯವಾಗಿ ಹೇಳಲಾರೆ. ಹೊಟ್ಟೆಯ ಬೆನ್ನಿನ ಮೇಲೆ, ಕಂದು ಬಣ್ಣದ ನಡುವೆ, ಅಡ್ಡಡ್ಡ ಕಪ್ಪು ಪಟ್ಟೆಗಳಿವೆ. ಅದನ್ನು ನೋಡಿದರೆ ಕೈಲೊಬ್ರಾಕಿಸ್ ಫಿಂಬ್ರಿಯೇಟಸ್ ಅನ್ನಿಸುತ್ತದೆ. 1899ರಲ್ಲಿ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಪೊಕಾಕ್ ಹೆಸರಿಟ್ಟ, ಪಶ್ಚಿಮ ಘಟ್ಟದ ಜೇಡ ಇದು. ಗಂಡಿನಲ್ಲಿ ಪಟ್ಟೆ ಮಂಕು, ಹೆಣ್ಣಿನಲ್ಲಿ ಎದ್ದು ಕಾಣುತ್ತದೆ. ರಸ್ತೆ ಬದಿಯ ಧರೆಯಲ್ಲಿ ಬಿಲ ಮಾಡಿ ಬಾಯಿಗೆ ಬಲೆಯ ಹಾಸು ಹರಡಿಕೊಂಡಿರುತ್ತದೆ. ಕೆಣಕಿದರೆ ಬಾಯಿಯ ಬುಡದ ಬಿರುಗೂದಲು ಉಜ್ಜಿ ‘ಚುಸ್ಸ್’ ಅಂತ ಸದ್ದು ಮಾಡುತ್ತದೆ. ನಿಮ್ಮದು ಹಾಗೆ ಮಾಡಿತ್ತಾ? ಮಾಡಿದ್ದರೆ ನನ್ನ ಅಂದಾಜಿಗೆ ಬಲ ಬರುತ್ತದೆ. ಆದರೂ ಪಕ್ಕಾ ಹೇಳಲು ಆ ಮುಳ್ಳಿನ ಆಕಾರವನ್ನು ಮೈಕ್ರೊಸ್ಕೋಪಿನಲ್ಲೇ ನೋಡಬೇಕು. ಬಣ್ಣವೊಂದನ್ನೇ ನಂಬಿ ಜಾತಿ ಹೇಳುವವರನ್ನು ನಾನು ನಂಬುವುದಿಲ್ಲ. ಪೊರೆ ಬಿಡುವ ಮುಂಚೆ ಒಂದು ಬಣ್ಣ, ಬಿಟ್ಟ ಮೇಲೆ ಇನ್ನೊಂದು.

ಮರದ ಪೊಟರೆಯಲ್ಲಿ ಬೂದು ಬಣ್ಣದ ಜೇಡ ಕಂಡು, ಅದು ಮುಂಗಾಲು ಎತ್ತಿದಾಗ ಅಡಿಯಲ್ಲಿ ಅರಿಶಿನದ ಹಳದಿ ಕಂಡರೆ ಅದು ಬೇರೆ, ಪೀಸಿಲೊಥೀರಿಯಾ ಗುಂಪಿನದು. ಅದು ಕಚ್ಚಿದರೆ ಸಾಯುವುದಿಲ್ಲ, ಆದರೆ ಸ್ನಾಯು ಸೆಳೆತ ದಿನಗಟ್ಟಲೆ ಕಾಡುತ್ತದೆ. ಆ ಗುಂಪು 2019ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಯಲ್ಲೂ ಇದೆ.

ನಿಮ್ಮ ಜೇಡವನ್ನು ಹೊಡೆಯಬೇಡಿ, ಸಾಕುವುದೂ ಬೇಡ. ಹೆಣ್ಣು ಹತ್ತು ವರ್ಷಕ್ಕೂ ಜಾಸ್ತಿ ಬದುಕಬಹುದು, ಬೆಳೆದ ಗಂಡಿಗೆ ಉಳಿದಿರುವುದು ಹೆಚ್ಚೆಂದರೆ ಕೆಲವು ತಿಂಗಳು. ಅದನ್ನು ಬಾಟಲಿಯಲ್ಲಿ ಕಳೆಯುವುದು ಯಾಕೆ? ಇವತ್ತು ಕತ್ತಲಾದ ಮೇಲೆ ಸಿಕ್ಕ ಗೋಡೆಯ ಹತ್ತಿರವೇ ಬಾಟಲಿ ಅಡ್ಡ ಮಲಗಿಸಿ, ಉದ್ದ ಕಡ್ಡಿಯಿಂದ ಮುಚ್ಚಳ ಸರಿಸಿ ದೂರ ನಿಲ್ಲಿ. ಕೈ ಹಾಕಬೇಡಿ. ಕಚ್ಚಿದರೆ ಸೋಪು ನೀರಲ್ಲಿ ತೊಳೆದು ಡಾಕ್ಟರ ಹತ್ತಿರ ಹೋಗಿ.

ಮಗನಿಗೆ ಬೇಜಾರಾದರೆ ಒಂದು ಕೆಲಸ ಕೊಡಿ. ಗೇರುತೋಟದ ಧರೆಯಲ್ಲಿ ಬಿಲದ ಬಾಯಿಯ ಹತ್ತಿರ ಜೇಡದ ಪೊರೆ ಬಿದ್ದಿದೆಯಾ ಹುಡುಕಲಿ. ಸಿಕ್ಕರೆ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಹೊಟ್ಟೆಯ ಭಾಗ ಮೆಲ್ಲಗೆ ಬಿಡಿಸಿ, ಮುಂದಿನ ಜೊತೆ ಬಿಳಿ ಮಚ್ಚೆಗಳ ನಡುವೆ ಒಳಮಗ್ಗುಲು ನೋಡಲಿ. ಅಲ್ಲಿ ಸಣ್ಣ ಚೀಲದಂಥದ್ದು ಎದ್ದು ನಿಂತಿದ್ದರೆ ಪೊರೆ ಹೆಣ್ಣಿನದು. ಅದರ ಫೋಟೊ ಕಳಿಸಿ, ನಾನೂ ನೋಡಬೇಕು.